ಬ್ರೇಕ್ ಇನ್‌ಸ್ಪೆಕ್ಟರರು ಬ್ರೇಕ್ ನೋಡಲಿ

ಮೋಟಾರು ವಾಹನ ಇನ್‌ಸ್ಪೆಕ್ಟರರಿಗೆ ನಮ್ಮ ಜನ ಹಿಂದಿನಿಂದಲೂ ಇಟ್ಟ ಹೆಸರು ‘ಬ್ರೇಕ್ ಇನ್‌ಸ್ಪೆಕ್ಟರ್’. ಸರಕಾರ ಕೊಟ್ಟ ಹೆಸರಲ್ಲ, ಆದರೆ ಮಾಡಬೇಕಾದ ಕೆಲಸ ಏನೆಂದು ಹೆಸರೇ ಹೇಳುತ್ತದೆ. ಈಗ ಹಳೆಯ ಚೇತಕ್ ಸ್ಕೂಟರಿನ ಆರ್‌ಸಿ ನವೀಕರಿಸಿ ಬಂದ ಯಾರನ್ನಾದರೂ ‘ಬ್ರೇಕ್ ನೋಡಿದರೇ?’ ಎಂದು ಕೇಳಿ ನೋಡಿ. ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ.

ನಿಯಮ ಸರಳ. 1988ರ ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಸ್ಕೂಟರಿನ ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ಫಾರ್ಮ್ 25ರಲ್ಲಿ ಅರ್ಜಿ ಹಾಕಿ ವಾಹನವನ್ನು ತಪಾಸಣೆಗೆ ಒಯ್ಯಬೇಕು. ಪಾಸಾದರೆ ಇನ್ನೈದು ವರ್ಷ. ತಲಪಾಡಿಯ ಈಚೆಗೂ ಆಚೆಗೂ ಇದೊಂದೇ ಕಾನೂನು. 1972ರಲ್ಲಿ ಹುಟ್ಟಿದ ಪೆಟ್ರೋಲ್ ಚೇತಕ್‌ನ ತಯಾರಿ 2010ಕ್ಕೆ ಮೊದಲೇ ನಿಂತುಹೋಯಿತು. (2020ರಲ್ಲಿ ಅದೇ ಹೆಸರಲ್ಲಿ ಬಂದ ವಿದ್ಯುತ್ ಸ್ಕೂಟರಿನ ಮಾತು ಬೇರೆ.) ಅಂದರೆ ಇಂದು ಕ್ರಮಬದ್ಧ ಆರ್‌ಸಿ ಇಟ್ಟುಕೊಂಡು ಓಡುವ ಪ್ರತಿಯೊಂದು ಹಳೆಯ ಚೇತಕ್ಕೂ ಒಮ್ಮೆಯಾದರೂ ಈ ಪರೀಕ್ಷೆ ಬರೆದು ಪಾಸಾದದ್ದೇ!

ನಾವು ಮೇಷ್ಟ್ರುಗಳು, ಪರೀಕ್ಷೆಯ ವಿಷಯ ನಮಗೆ ಸ್ವಲ್ಪ ಗೊತ್ತು. ಒಂದೇ ಉತ್ತರ ಪತ್ರಿಕೆಗೆ ಇಬ್ಬರು ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟರೆ ಆ ಮೌಲ್ಯಮಾಪನವನ್ನು ನಂಬಬಹುದು. ಒಬ್ಬರು ಅಕ್ಷರ ಚಂದ ನೋಡಿ, ಇನ್ನೊಬ್ಬರು ಉತ್ತರ ನೋಡಿ ಅಂಕ ಹಾಕಿದರೆ ಅದು ಪರೀಕ್ಷೆಯಲ್ಲ, ಅದೃಷ್ಟ. ಗಡಿಯ ಎರಡೂ ಕಡೆ ನಾವು ಕಂಡ ತಪಾಸಣೆಗಳು ಹೀಗೆಯೇ ಇವೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್, ನಂಬರ್ ಪ್ಲೇಟು, ಹಾರ್ನು, ಲೈಟು, ಬಣ್ಣ... ಸ್ಟ್ಯಾಂಡಿನಲ್ಲಿ ನಿಂತ ಸ್ಕೂಟರಿನಲ್ಲಿ ಕಾಣುವುದು ಇಷ್ಟೇ. ಬಣ್ಣ ಮಾಸಿದ ಗಟ್ಟಿ ಸ್ಕೂಟರು ವಾಪಸು ಬರುತ್ತದೆ. ತುಕ್ಕಿನ ಮೇಲೆ ಹೊಸ ಬಣ್ಣ ಬಳಿದದ್ದು ಪಾಸಾಗುತ್ತದೆ.

ಚೇತಕ್‌ನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಬೈಕಿಗಿರುವಂತೆ ಇದಕ್ಕೆ ಬೇರೆ ಫ್ರೇಮ್ ಇಲ್ಲ. ಬಾಡಿಯ ತಗಡೇ ಫ್ರೇಮ್, ಕಾಲಿಡುವ ಫ್ಲೋರ್ ಕೂಡ ಅದರದೇ ಭಾಗ. ಕಾಸರಗೋಡಿನ ಕಡಲಗಾಳಿ, ನಾಲ್ಕು ತಿಂಗಳ ಮಳೆ. ರಬ್ಬರ್ ಮ್ಯಾಟಿನ ಅಡಿಯಲ್ಲಿ ನೀರು ನಿಂತು ತಗಡು ಒಳಗಿಂದೊಳಗೇ ತಿಂದುಹೋಗುತ್ತದೆ. ಮೇಲೆ ಪ್ಯಾಚ್ ಹೊಡೆದರೆ ಯಾರಿಗೂ ಕಾಣದು. ಶಾಲೆಗೆ ಹೊರಟ ಮಗುವನ್ನು ನಾವು ನಿಲ್ಲಿಸುವುದು ಅದೇ ತಗಡಿನ ಮೇಲೆ! ಇನ್ನು ಹತ್ತಿಂಚಿನ ಸಣ್ಣ ಚಕ್ರ, ಕೇಬಲಿನಿಂದ ಎಳೆಯುವ ಡ್ರಮ್ ಬ್ರೇಕ್, ಹ್ಯಾಂಡಲಿನ ಕೋನ್ ಸೆಟ್. ಇವುಗಳ ಸ್ಥಿತಿ ತಿಳಿಯಬೇಕಾದರೆ ಗಾಡಿ ಓಡಿಸಬೇಕು, ಚಕ್ರ ಎತ್ತಿ ಅಲ್ಲಾಡಿಸಬೇಕು.

‘ಹೊಗೆ ಸರ್ಟಿಫಿಕೇಟ್ ಇದೆಯಲ್ಲ’ ಎನ್ನುವವರಿದ್ದಾರೆ. ಅದು ಅಳೆಯುವುದು ಹೊಗೆಯನ್ನು ಮಾತ್ರ. 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ 4.5 ಶೇಕಡಾ ಮೀರಬಾರದು, ಆಮೇಲಿನದಕ್ಕೆ 3.5. ಈ ಅಂಕಿಗೂ ಬ್ರೇಕ್ ಶೂಗೂ ಸಂಬಂಧವಿಲ್ಲ.

ತಪಾಸಣೆ ಬೆಳೆಯದಿದ್ದರೂ ಶುಲ್ಕ ಬೆಳೆದಿದೆ. ದ್ವಿಚಕ್ರದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 300 ರೂಪಾಯಿಯಿಂದ 1,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 2,000 ಎಂದಾಯಿತು. ಹಳೆಯ ವಾಹನ ಮಾರ್ಗ ಬಿಡಲಿ ಎಂಬುದು ಇದರ ಹಿಂದಿನ ಲೆಕ್ಕ. ವಯಸ್ಸೇ ದೋಷ ಎಂಬುದನ್ನು ನಾವು ಒಪ್ಪುವುದಿಲ್ಲ. ಚೇತಕ್‌ನಲ್ಲಿ ಹಾಲಿನ ಸೊಸೈಟಿಗೆ ಹೋಗುವ ಕೃಷಿಕರು ಹಳೆಯ ಗಾಡಿ ಸಂಗ್ರಹಿಸುವ ಶೋಕಿಯವರಲ್ಲ. ಅವರ ಕೈಲಿರುವ ಗಾಡಿ ಅದೊಂದೇ. ಅವರಿಂದ ಎರಡು ಸಾವಿರ ತೆಗೆದುಕೊಂಡ ಮೇಲೆ ಎರಡು ಸಾವಿರದ ತಪಾಸಣೆಯನ್ನೂ ಮಾಡಬೇಡವೇ?

2021ರ ನಿಯಮಗಳು ಯಂತ್ರಗಳಿಂದಲೇ ಪರೀಕ್ಷಿಸುವ ಕೇಂದ್ರಗಳಿಗೆ ದಾರಿ ಮಾಡಿವೆ. ಯಂತ್ರ ಬರಲಿ, ಸಂತೋಷ. ಅದಕ್ಕೆ ಮುಖ ನೋಡಿ ಅಂಕ ಹಾಕಲು ಬಾರದು. ಆದರೆ ಬ್ರೇಕಿನ ಬಲ ಅಳೆಯುವ ರೋಲರ್ ಮ್ಯಾಟ್ ಎತ್ತಿ ನೋಡುವುದಿಲ್ಲ. ಅದಕ್ಕೆ ಮನುಷ್ಯನೇ ಬೇಕು.

ನಾವು ಕೇಳುವುದು ಎರಡೇ. ಒಂದು, ಐದು ವರ್ಷದ ಅವಧಿ ಕಡಿಮೆಯಾಗಲಿ. ಚೇತಕ್‌ನ ಮೂಲವಾದ ವೆಸ್ಪಾದ ತವರು ಇಟಲಿಯಲ್ಲಿ ಮೊದಲ ತಪಾಸಣೆ ನಾಲ್ಕನೇ ವರ್ಷ, ಆಮೇಲೆ ಎರಡು ವರ್ಷಕ್ಕೊಮ್ಮೆ. ಬ್ರೇಕ್ ಲೈನರ್ ಐದು ವರ್ಷ ಕಾಯುವುದಿಲ್ಲ. ‘ಬಡವರಿಗೆ ಅಲೆದಾಟ ಹೆಚ್ಚುತ್ತದೆ, ಏಜೆಂಟರಿಗೆ ಹಬ್ಬ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಅದೇ ಶುಲ್ಕವನ್ನು ಹಂಚಿ, ಪಂಚಾಯತು ಮಟ್ಟದಲ್ಲಿ ಶಿಬಿರ ಮಾಡಲಿ. ಎರಡು, ನೋಡಿದ್ದನ್ನು ಬರೆದು ಕೊಡಲಿ. ಬ್ರೇಕ್, ಟೈರು, ಫ್ಲೋರ್, ಹ್ಯಾಂಡಲ್, ಲೈಟು, ಒಂದೊಂದರ ಎದುರು ಸರಿ ಅಥವಾ ತಪ್ಪು. ಫೇಲಾದರೆ ಯಾಕೆಂದು ತಿಳಿಯಬೇಕು, ನಮ್ಮ ಊರುಗಳಲ್ಲಿ ಅದು ಕನ್ನಡದಲ್ಲೂ ಇರಬೇಕು. ಓದಲಾಗದ ಕಾರಣವನ್ನು ರಿಪೇರಿ ಮಾಡಿಸುವುದು ಹೇಗೆ?

ಅದೆಲ್ಲ ಆಗುವವರೆಗೆ ಆರ್‌ಸಿಯ ಮೊಹರನ್ನು ಗಾಡಿಯ ಆರೋಗ್ಯ ಪತ್ರವೆಂದು ನಂಬಬೇಡಿ. ಪ್ರತಿ ಮಳೆಗಾಲಕ್ಕೆ ಮೊದಲು ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಗಡು ಕುಟ್ಟಿ ನೋಡಿ. ಟೈರಿನ ಬದಿಯ ನಾಲ್ಕಂಕಿ ಓದಿ: 1219 ಎಂದಿದ್ದರೆ 2019ರ ಹನ್ನೆರಡನೇ ವಾರದ್ದು. ಖಾಲಿ ಮೈದಾನದಲ್ಲಿ ಎರಡೂ ಬ್ರೇಕ್ ಹಿಡಿದು ನಿಲ್ಲಿಸಿ. ಹತ್ತು ನಿಮಿಷದ ಕೆಲಸ. ಮಗುವನ್ನು ಮುಂದೆ ನಿಲ್ಲಿಸುವ ಮೊದಲು ಅಷ್ಟಾದರೂ ಆಗಲಿ.