ತಲೆಗೆ ತಕ್ಕ ಶಿರಸ್ತ್ರಾಣ

ಸುಗ್ಗಿ ಮುಗಿದು ಗದ್ದೆಗಳು ಒಣಗಿದವೆಂದರೆ ಮಂಡ್ಯ ಜಿಲ್ಲೆಯ ಬಯಲುಗಳಲ್ಲಿ ಕ್ರಿಕೆಟ್ಟಿನ ಕಾಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರುಗಳ ಹುಡುಗರು ಟೆನ್ನಿಸ್ ಚೆಂಡಿನಲ್ಲಿ ಆಟ ಕಲಿತು, ಬಳಿಕ ಚರ್ಮದ ಚೆಂಡನ್ನು ಎದುರಿಸುವುದುಂಟು. ಮೊದಲನೆಯದರ ತೂಕ ಸುಮಾರು 58 ಗ್ರಾಂ, ಮೆತ್ತಗಿನದು; ಎರಡನೆಯದು ಸುಮಾರು 160 ಗ್ರಾಂ, ಕಲ್ಲಿನಂತೆ ಗಟ್ಟಿ. ಇಷ್ಟಾದರೂ ಎಷ್ಟೋ ತಂಡಗಳಲ್ಲಿ ಒಂದೇ ಹೆಲ್ಮೆಟ್ಟು ಹನ್ನೊಂದು ತಲೆಗಳ ಮೇಲೆ ಸರದಿಯಂತೆ ಕುಳಿತೇಳುತ್ತದೆ. ಈ ಪದ್ಧತಿ ತೊಲಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಅಪಾಯವು ಕಲ್ಪನೆಯದಲ್ಲ. ಭಾರತ ತಂಡದ ನಾಯಕ ನರಿ ಕಾಂಟ್ರಾಕ್ಟರ್ 1962ರಲ್ಲಿ ಬಾರ್ಬಡೋಸಿನಲ್ಲಿ ವೇಗದ ಚೆಂಡಿನ ಪೆಟ್ಟಿಗೆ ತಲೆಬುರುಡೆ ಒಡೆದು ಸಾವಿನ ದವಡೆಯಿಂದ ಪಾರಾದರು. ಮತ್ತೆ ಟೆಸ್ಟ್ ಪಂದ್ಯವಾಡಲಿಲ್ಲ. ನಮ್ಮವರೇ ಆದ ಅನಿಲ್ ಕುಂಬ್ಳೆ ಅವರ ದವಡೆ 2002ರಲ್ಲಿ ಆಂಟಿಗುವಾದಲ್ಲಿ ಮುರಿಯಿತು. ಬುರುಡೆಯಷ್ಟೇ ಅಲ್ಲ, ಮುಖವೂ ರಕ್ಷಣೆ ಬೇಡುತ್ತದೆ.

ಶಿರಸ್ತ್ರಾಣವು ಮಾಡುವ ಕೆಲಸವೇನು? ಪೆಟ್ಟನ್ನು ಅದು ಇಲ್ಲವಾಗಿಸುವುದಿಲ್ಲ. ಪೆಟ್ಟು ತಾಗುವ ಅವಧಿಯನ್ನು ಹಿಗ್ಗಿಸುತ್ತದೆ. ಸೈಕಲ್ ಸವಾರನ ತಲೆ 1.5 ಮೀಟರ್ ಎತ್ತರದಿಂದ ನೆಲಕ್ಕೆ ಬಡಿಯಿತೆನ್ನೋಣ. ಅದು 2 ಮಿಲಿಮೀಟರಿನಲ್ಲಿ ನಿಂತರೆ ತಲೆ ಅನುಭವಿಸುವ ಸರಾಸರಿ ವೇಗಕುಗ್ಗು ಗುರುತ್ವದ 750 ಪಟ್ಟು. ಹೆಲ್ಮೆಟ್ಟಿನ ಒಳಗಣ ನೊರೆಪದರ ಕುಸಿದು 20 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ ಕೇವಲ 75 ಪಟ್ಟು. ಕುಸಿದ ನೊರೆ ಮತ್ತೆ ಮೊದಲಿನಂತಾಗದು. ಆದಕಾರಣ ಜೋರಾಗಿ ಪೆಟ್ಟು ತಿಂದ ಸೈಕಲ್ ಹೆಲ್ಮೆಟ್ಟು, ಹೊರಗೆ ಬಿರುಕು ಕಾಣದಿದ್ದರೂ, ತ್ಯಾಜ್ಯವೇ ಸರಿ.

ಆಟಕ್ಕೊಂದು ಶಿರಸ್ತ್ರಾಣ. ಮೋಟಾರು ಸೈಕಲ್ಲಿನದು ಕ್ರಿಕೆಟ್ಟಿಗೆ ಒದಗದು. ಅದನ್ನು ಚೆಂಡಿನ ಪೆಟ್ಟಿಗಾಗಿ ಪರೀಕ್ಷಿಸಿರುವುದಿಲ್ಲ. ಕ್ರಿಕೆಟ್ ಹೆಲ್ಮೆಟ್ಟಿನಲ್ಲಿ ಮುಂಚಾಚಿಗೂ ಜಾಲರಿಗೂ ನಡುವೆ ಚೆಂಡು ನುಸುಳಬಾರದು. ಇದನ್ನು ಪರೀಕ್ಷಿಸುವ ಬ್ರಿಟಿಷ್ ಮಾನಕ ಬಿ.ಎಸ್. 7928:2013. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಹೆಲ್ಮೆಟ್ ಧರಿಸುವವರು ಈ ಮಾನಕಕ್ಕೆ ಒಪ್ಪುವುದನ್ನೇ ಧರಿಸಬೇಕೆಂಬ ನಿಯಮ 2017ರಲ್ಲಿ ಬಂದಿತು.

ಇನ್ನು ಅಳತೆ. ಹುಬ್ಬಿನಿಂದ ಒಂದು ಬೆರಳು ಮೇಲೆ, ತಲೆಯ ಅತ್ಯಂತ ಅಗಲವಾದ ಭಾಗದ ಸುತ್ತ ದಾರ ಸುತ್ತಿ ಅಳೆಯಬೇಕು. ಆ ಸಂಖ್ಯೆಗೆ ಹೊಂದುವುದನ್ನು ಆರಿಸಿ ನೆಟ್ಟಗೆ, ಹಿಂದಕ್ಕೆ ಜಾರದಂತೆ ಇಟ್ಟುಕೊಳ್ಳಬೇಕು. ಪಟ್ಟಿ ಬಿಗಿಯುವ ಮುನ್ನವೇ ತಲೆಯಾಡಿಸಿ ನೋಡಿ: ಹಣೆಯ ಚರ್ಮ ಹೆಲ್ಮೆಟ್ಟಿನೊಡನೆ ಚಲಿಸಿದರೆ ಅಳತೆ ಸರಿ, ಹೆಲ್ಮೆಟ್ಟೊಂದೇ ತಿರುಗಿದರೆ ಅದು ದೊಡ್ಡದು. ಒಂದು ಕಡೆ ಮಾತ್ರ ಒತ್ತಿ ನೋಯಿಸಿದರೆ ಆಕಾರ ಹೊಂದಿಲ್ಲ. ಗಲ್ಲದ ಪಟ್ಟಿಯ ಕೆಳಗೆ ಒಂದೆರಡು ಬೆರಳಿಗಷ್ಟೇ ಎಡೆಯಿರಲಿ.

“ಬೆಳೆಯುವ ಹುಡುಗ, ಒಂದಳತೆ ದೊಡ್ಡದಿರಲಿ” ಎಂಬುದು ಅಂಗಿಗೆ ಒಪ್ಪುವ ಮಾತು, ಶಿರಸ್ತ್ರಾಣಕ್ಕಲ್ಲ. ಪೆಟ್ಟು ಬೀಳುವ ಕ್ಷಣದಲ್ಲಿ ಸಡಿಲ ಹೆಲ್ಮೆಟ್ಟು ಜಾರಿದರೆ ಹಣೆ ಬಯಲಾಗುತ್ತದೆ. ಧರಿಸಿದವನಲ್ಲಿ ಧೈರ್ಯ ಉಳಿದು ರಕ್ಷಣೆ ಮಾತ್ರ ಅಳಿಯುತ್ತದೆ. ಇಂಥ ಹುಸಿ ಧೈರ್ಯ ಬರಿತಲೆಗಿಂತ ಲೇಸೇನಲ್ಲ.

ಶಾಲೆಗಳೂ ಊರಿನ ತಂಡಗಳೂ ಬಹುಮಾನದ ಬಟ್ಟಲು ಕೊಳ್ಳುವ ಮುನ್ನ ಮೂರು ಅಳತೆಯ ಹೆಲ್ಮೆಟ್ಟುಗಳನ್ನು ಕೊಳ್ಳಲೆಂದು ನಾವು ಆಗ್ರಹಿಸುತ್ತೇವೆ. ವಿದ್ಯಾರ್ಥಿಗಳು ದಾರವನ್ನೂ ಅಳತೆಪಟ್ಟಿಯನ್ನೂ ಹಿಡಿದು ಇಂದೇ ತಮ್ಮ ತಂಡದವರ ತಲೆಗಳನ್ನು ಅಳೆಯಲಿ. ಒಂದೇ ಅಳತೆ ಎಲ್ಲರಿಗೂ ಸಾಲದೆಂಬುದು ಆಗ ಅವರಿಗೇ ತಿಳಿದುಬರುವುದು.