ಹಡಗಿನ ಗಂಧಕ, ಸೇಡಂನ ಗೂಡು

ಕಾಗಿಣಾ ನದಿಯ ತೀರದ ನಮಗೆ ಹಡಗುಗಳ ಇಂಧನದ ಚಿಂತೆ ಏತಕ್ಕೆಂದು ಚಿಂಚೋಳಿಯ ತೊಗರಿ ಬೆಳೆಗಾರನು ಕೇಳಿದರೆ, ಅದರ ಉತ್ತರವು ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಗೂಡುಗಳಲ್ಲಿದೆ.

ಹಡಗಿನ ಇಂಧನದಲ್ಲಿರಬಹುದಾದ ಗಂಧಕದ ಮಿತಿಯು 2020ರ ಜನವರಿ 1ರಿಂದ ಶೇಕಡ 3.5ರಿಂದ 0.5ಕ್ಕಿಳಿಯಿತು. ಹಡಗಿನ ಒಡೆಯರು ದುಬಾರಿ ಎಣ್ಣೆಯನ್ನು ಕೊಳ್ಳಬೇಕಾಯಿತು, ಇಲ್ಲವೆ ಹೊಗೆ ತೊಳೆಯುವ ಯಂತ್ರವನ್ನು ಕೂಡಿಸಬೇಕಾಯಿತು. ಆ ವೆಚ್ಚವು ಸಾಗಣೆಯ ದರದ ಮೂಲಕ ಸರಕಿನ ಬೆಲೆಯನ್ನು ಸೇರುವಂಥದು. ಬಂದರೂರುಗಳ ಜನರ ಉಸಿರಿಗಾಗಿ ಅದು ತೆರತಕ್ಕ ಬೆಲೆಯೇ ಸರಿ.

ಆದರೆ ಎಣ್ಣೆಯಿಂದ ತೆಗೆದ ಗಂಧಕವು ಲೋಕದಿಂದಲೇ ಇಲ್ಲವಾಗುವುದಿಲ್ಲ. ಒಂದು ಪಾಲು ಗೊಬ್ಬರದ ಉದ್ಯಮಕ್ಕೆ ಹೋದರೆ, ಮತ್ತೊಂದು ಪಾಲು ತೈಲಾಗಾರದ ತಳದ ಮಡ್ಡಿಯಿಂದ ಹುಟ್ಟುವ ಪೆಟ್‌ಕೋಕ್ ಎಂಬ ಕರಿಯ ಇಂಧನದಲ್ಲಿ ಉಳಿಯುತ್ತದೆ. ಶಾಖ ಹೆಚ್ಚಾದುದರಿಂದ ಸಿಮೆಂಟ್ ಉದ್ಯಮಕ್ಕೆ ಅದು ಪ್ರಿಯ. ಗೂಡಿನೊಳಗೆ ಕಾದ ಸುಣ್ಣವು ಗಂಧಕದ ಅನಿಲವನ್ನು ಹೀರಿ, ಅರೆದರೆ ಸಿಮೆಂಟಾಗುವ ಕ್ಲಿಂಕರಿನಲ್ಲಿ ಬಂಧಿಸುತ್ತದೆಂಬ ಕಾರಣದಿಂದಲೇ 2017ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರದ ರಾಜ್ಯಗಳಲ್ಲಿದ್ದ ಪೆಟ್‌ಕೋಕ್ ನಿಷೇಧದಿಂದ ಸಿಮೆಂಟಿಗೆ ವಿನಾಯಿತಿಯಿತ್ತಿತು. 2018ರ ಪೆಟ್‌ಕೋಕ್ ಆಮದು ನಿರ್ಬಂಧದಲ್ಲಿ ಕೇಂದ್ರ ಸರ್ಕಾರವೂ ಅದೇ ದಾರಿಯನ್ನು ಹಿಡಿಯಿತು.

ಈ ರಸಾಯನವನ್ನು ನಾನು ಶಂಕಿಸುವುದಿಲ್ಲ. ಸಮುದ್ರಕ್ಕೆ ಬೇಡವಾದುದನ್ನು ಅರಗಿಸಿಕೊಳ್ಳಬಲ್ಲ ನಮ್ಮ ಸುಣ್ಣಕಲ್ಲಿನ ಈ ಸೇವೆಗೆ ಬೆಲೆಯೊಂದುಂಟು, ಆ ಬೆಲೆಯಲ್ಲಿ ಗಣಿಯ ನೆರೆಯ ಊರುಗಳಿಗೂ ಪಾಲುಂಟು ಎಂಬುದೇ ನನ್ನ ವಾದ. ಚಿಮಣಿಯಿಂದ ಹೊರಬೀಳುವ ಗಂಧಕದ ಪ್ರಮಾಣವನ್ನು ಪ್ರತಿದಿನವೂ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಬರೆಯತಕ್ಕದ್ದು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಿಂದ ಈ ಹಳ್ಳಿಗಳ ಮಕ್ಕಳ ಶ್ವಾಸಕೋಶಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸತಕ್ಕದ್ದು.