ವಾಪಸ್ ಬರಲಾಗದ ಎಂಬಿಬಿಎಸ್

ನೀಟ್ ಫಲಿತಾಂಶ ಬಂದ ಮೇಲೆ ಹಾಸನ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಲೆಕ್ಕ ಶುರುವಾಗುತ್ತದೆ. ಮಗನಿಗೋ ಮಗಳಿಗೋ ಸರ್ಕಾರಿ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿಲ್ಲ. ಖಾಸಗಿ ಕಾಲೇಜಿನ ಖಾಸಗಿ ಕೋಟಾ ಎಂದರೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ, ಮ್ಯಾನೇಜ್‌ಮೆಂಟ್ ಸೀಟಿನ ಮಾತಂತೂ ಎತ್ತುವ ಹಾಗೇ ಇಲ್ಲ. ಆಗ ಹೊರದೇಶದ ಓದಿಗೆ ಕನ್ಸಲ್ಟೆನ್ಸಿಯವರು ಬರೆದುಕೊಡುವ ಮೊತ್ತ, ಆರು ವರ್ಷಕ್ಕೆ ಫೀಸು, ಹಾಸ್ಟೆಲ್, ಇಂಡಿಯನ್ ಮೆಸ್ ಎಲ್ಲಾ ಸೇರಿ, ಅಗ್ಗವಾಗಿ ಕಾಣಿಸುತ್ತದೆ. 2024ರಲ್ಲಿ ನೀಟ್‌ಗೆ ಹೆಸರು ಕೊಟ್ಟವರು ಸುಮಾರು 24 ಲಕ್ಷ. ದೇಶದಲ್ಲಿ ಇದ್ದ ಎಂಬಿಬಿಎಸ್ ಸೀಟು 1.1 ಲಕ್ಷದ ಆಸುಪಾಸು. ಉಳಿದವರಲ್ಲಿ ಒಂದಷ್ಟು ಮಂದಿ ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪೀನ್ಸ್ ಎಂದು ವಿಮಾನ ಹತ್ತುತ್ತಾರೆ. ಹತ್ತುವಾಗ ವಯಸ್ಸು ಹದಿನೆಂಟು. ಸೂಟ್‌ಕೇಸಿನಲ್ಲಿ ಪುಟ್ಟ ಕುಕ್ಕರು, ಸಾರಿನ ಪುಡಿ, ರಾಗಿಹಿಟ್ಟು.

ಕೊರವಂಗಲ, ಅರಕಲಗೂಡು, ಹೊಳೆನರಸೀಪುರದ ಕಡೆ ಶುಂಠಿ ಹಾಕುವವರಿಗೆ ಇಂಥ ಲೆಕ್ಕ ಹೊಸದಲ್ಲ. ಎಕರೆಗೆ ಲಕ್ಷಗಟ್ಟಲೆ ಸುರಿದು ರೇಟಿಗೆ ಕಾಯುವುದು ಗೊತ್ತಿರುವ ಸಾಹಸವೇ. ಆದರೆ ಶುಂಠಿಗೆ ಕೊಳೆರೋಗ ತಗುಲಿದರೆ ಬಲಿಯುವ ಮೊದಲೇ ಕಿತ್ತು ಸಿಕ್ಕ ರೇಟಿಗೆ ಮಾರಿ ಕೈತೊಳೆದುಕೊಳ್ಳಬಹುದು. ಹೊರದೇಶದ ಎಂಬಿಬಿಎಸ್ಸನ್ನು ಎರಡನೇ ವರ್ಷಕ್ಕೆ ಬಿಟ್ಟು ಬಂದರೆ ಕೈಗೆ ಬಿಡಿಗಾಸಿಲ್ಲ. ಓದಿದ ವರ್ಷಗಳಿಗೆ ಇಲ್ಲಿ ಬೆಲೆಯಿಲ್ಲ. ನಮ್ಮಲ್ಲಿ ಚರ್ಚೆಯಾಗುವುದೆಲ್ಲ ಮಕ್ಕಳು ಯಾಕೆ ಹೋಗುತ್ತಾರೆ ಎಂದು. ನನ್ನ ಮಟ್ಟಿಗೆ ಕೇಳಬೇಕಾದದ್ದು, ಹೋದವರಿಗೆ ಬೇಕೆಂದಾಗ ತಿರುಗಿ ಬರಲು ಯಾಕೆ ಆಗುವುದಿಲ್ಲ ಎಂದು.

2022ರ ಫೆಬ್ರುವರಿಯನ್ನು ನೆನೆಯಿರಿ. ಫೆಬ್ರುವರಿ 15ರಂದು ಉಕ್ರೇನ್ ರಾಜಧಾನಿ ಕೀವ್‌ನ ಭಾರತೀಯ ರಾಯಭಾರ ಕಚೇರಿ, ಉಳಿಯಲೇಬೇಕೆಂದಿಲ್ಲದವರು ತಾತ್ಕಾಲಿಕವಾಗಿ ಹೊರಡುವುದು ಒಳ್ಳೆಯದು ಎಂದು ಸೂಚಿಸಿತು. 20ರಂದು ಇನ್ನೊಂದು ಸೂಚನೆ ಬಂತು. 24ಕ್ಕೆ ರಷ್ಯಾದ ಬಾಂಬು ಬಿತ್ತು. ಮಧ್ಯೆ ಒಂಬತ್ತು ದಿನ. ಆ ಒಂಬತ್ತು ದಿನ ಮಕ್ಕಳು ಕುಳಿತಿದ್ದು ಹುಂಬತನದಿಂದಲ್ಲ. ವಿಶ್ವವಿದ್ಯಾಲಯಗಳು ಆನ್‌ಲೈನ್ ತರಗತಿಗೆ ಒಪ್ಪಲು ಮೀನಮೇಷ ಎಣಿಸುತ್ತಿದ್ದವು, ಹಾಜರಿ ಕಡಿಮೆಯಾದರೆ ಹೆಸರು ತೆಗೆದಾರು ಎಂಬ ಅಂಜಿಕೆ, ಟಿಕೆಟ್ ದರ ಏರುತ್ತಿತ್ತು. ಊರಲ್ಲಿ ಸಾಲ ಮಾಡಿ ಕಟ್ಟಿದ ಫೀಸು ಎದುರಿಗೇ ಇತ್ತು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ವಿದೇಶದಲ್ಲಿ ವೈದ್ಯಕೀಯ ಓದಿದವರಲ್ಲಿ ನೂರಕ್ಕೆ 90 ಮಂದಿ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗುವುದಿಲ್ಲ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಹೇಳಿದ್ದು ಸುದ್ದಿಯಾದದ್ದೂ ಆ ಹೊತ್ತಿಗೇ. ತೇರ್ಗಡೆ ಪ್ರಮಾಣ ಕಡಿಮೆ ಎಂಬುದು ನಿಜವೇ. ಮಾತು ಬಂದ ಗಳಿಗೆ ಮಾತ್ರ ಸರಿಯಿರಲಿಲ್ಲ.

ಕೇಂದ್ರ ಸರ್ಕಾರದ ತೆರವು ಕಾರ್ಯಾಚರಣೆ 'ಆಪರೇಷನ್ ಗಂಗಾ' ಮಕ್ಕಳನ್ನು ಮನೆ ಮುಟ್ಟಿಸಿತು. ಅದರಲ್ಲಿ ಎರಡು ಮಾತಿಲ್ಲ. ಕಷ್ಟ ಶುರುವಾಗಿದ್ದು ಅಲ್ಲಿಂದ ಮುಂದೆ. ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ, ಮುಂದಿನ ತೀರ್ಮಾನ ಆಗುವವರೆಗೆ ಈ ವಿದ್ಯಾರ್ಥಿಗಳು ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಕೆ ಮುಂದುವರಿಸಬಹುದು ಎಂದಿತು. ಜುಲೈಯಲ್ಲಿ ಕೇಂದ್ರ ಸರ್ಕಾರ, ಇಲ್ಲಿನ ಕಾಲೇಜುಗಳಿಗೆ ವರ್ಗಾಯಿಸಿಕೊಳ್ಳಲು ರಾಷ್ಟ್ರೀಯ ವೈದ್ಯಕೀಯ ಆಯೋಗ ಅನುಮತಿ ಕೊಟ್ಟಿಲ್ಲ ಎಂದು ಸಂಸತ್ತಿಗೆ ತಿಳಿಸಿತು. ಆಯೋಗದ 2021ರ ನವೆಂಬರ್‌ನ ನಿಯಮದ ಪ್ರಕಾರ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್ ಎರಡೂ ಒಂದೇ ವಿದೇಶಿ ಸಂಸ್ಥೆಯಲ್ಲಿ ಮುಗಿಯಬೇಕು. ಊರಿಗೆ ಬಂದ ಮೇಲೆ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2023ರಲ್ಲಿ ಅಂತಿಮ ವರ್ಷದವರಿಗಷ್ಟೇ ಇಲ್ಲಿ ಪರೀಕ್ಷೆ ಬರೆಯಲು ಒಂದು ಬಾರಿಯ ಅವಕಾಶ ಸಿಕ್ಕಿತು. ಮೊದಲ, ಎರಡನೇ ವರ್ಷದವರು ಬೇರೆ ದೇಶಕ್ಕೆ ಗಂಟು ಕಟ್ಟಿದರು, ಇಲ್ಲವೇ ಯುದ್ಧ ನಡೆಯುತ್ತಿದ್ದ ದೇಶಕ್ಕೇ ಮರಳಿದರು. ಪಾಠ ಕಲಿತೆವೇ? 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪು ದಾಳಿಯಾದಾಗ ಹಾಸ್ಟೆಲಿನ ಬಾಗಿಲು ಹಾಕಿಕೊಂಡು ಕುಳಿತವರಲ್ಲಿ ನಮ್ಮ ಮಕ್ಕಳಿದ್ದರು. 2025ರ ಜೂನ್‌ನಲ್ಲಿ ಇರಾನ್‌ನಿಂದಲೂ ಯುದ್ಧದ ನಡುವೆ ಮಕ್ಕಳನ್ನು ಕರೆತರಬೇಕಾಯಿತು.

ವಾಪಸ್ ಬರಬೇಕೆನ್ನಿಸಲು ಯುದ್ಧವೇ ಬೇಕೆಂದಿಲ್ಲ. ಪಾಠ ಇಂಗ್ಲಿಷಿನಲ್ಲಿ, ವಾರ್ಡಿನ ರೋಗಿ ಮಾತಾಡುವುದು ರಷ್ಯನ್ನಿನಲ್ಲಿ. ಕಾಯಿಲೆ ಏನೆಂದು ಕೇಳಲು ನಾಲಿಗೆ ಹೊರಳುವುದಿಲ್ಲ. ಮೈನಸ್ ಹದಿನೈದರ ಚಳಿಯಲ್ಲಿ ಬಸ್ಸಿಗೆ ಕಾಯುವುದು ಒಂದು ಕಡೆಯಾದರೆ, ಅಮ್ಮ ವಿಡಿಯೊ ಕಾಲ್ ಮಾಡಿದಾಗ 'ಚೆನ್ನಾಗಿದೀನಮ್ಮ' ಎನ್ನುವುದು ಇನ್ನೊಂದು. ಆಗದು, ಬಂದುಬಿಡುತ್ತೇನೆ ಎಂದು ಆರನೇ ತಿಂಗಳಲ್ಲೇ ಅನ್ನಿಸಿದ ಹುಡುಗನೂ ಬಾಯಿ ಬಿಡುವುದಿಲ್ಲ. ಆಸ್ತಿ ಒತ್ತೆಯಿಡದೆ ಶಿಕ್ಷಣ ಸಾಲ ಸಾಮಾನ್ಯವಾಗಿ ಸಿಗುವುದು 7.5 ಲಕ್ಷದವರೆಗೆ, ಅದರ ಮೇಲೆ ಆಸ್ತಿಯ ಪತ್ರ ಬ್ಯಾಂಕಿನಲ್ಲಿ ಇಡಬೇಕು. ಪತ್ರ ಒತ್ತೆ ಬಿದ್ದಿರುವ ಮನೆಯವರಿಗೆ ಬಿಟ್ಟು ಬರುತ್ತೇನೆಂದು ಹೇಗೆ ಹೇಳುವುದು?

ಹಾಗೂ ಹೀಗೂ ಓದು ಮುಗಿಸಿ ಬಂದವರಿಗೆ ಇಲ್ಲಿನ ಅರ್ಹತಾ ಪರೀಕ್ಷೆ ಎಫ್‌ಎಂಜಿಇ ಕಾದಿರುತ್ತದೆ. 300 ಅಂಕಕ್ಕೆ 150 ಬರಬೇಕು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. 2023ರ ಜೂನ್‌ನಲ್ಲಿ ಪಾಸಾದವರು ನೂರಕ್ಕೆ ಹತ್ತರಷ್ಟು, 2024ರ ಜೂನ್‌ನಲ್ಲಿ ಸುಮಾರು 21. ಊರಿನಲ್ಲಿ 'ಡಾಕ್ಟ್ರು ಬಂದ್ರು' ಎಂದು ಮಾತಾಡಿಸುವವರು ಎರಡನೇ ಸಲ ನಪಾಸಾದ ಮೇಲೆ 'ಆಸ್ಪತ್ರೆ ಎಲ್ಲಿ ಹಾಕ್ತೀಯಪ್ಪ' ಎನ್ನತೊಡಗುತ್ತಾರೆ. ಕೆಟ್ಟದಾಗಿ ಕೇಳುವುದಲ್ಲ ಅದು, ಆದರೂ ಚುಚ್ಚುತ್ತದೆ. ಅದಕ್ಕೇ ಹಲವರು ಊರಿಗೆ ಬಂದೂ ಊರಲ್ಲಿರುವುದಿಲ್ಲ. ಬೆಂಗಳೂರಿನ ಯಾವುದೋ ಪಿಜಿಯಲ್ಲಿ ಕೋಚಿಂಗ್ ಹೆಸರಿನಲ್ಲಿ ಕಾಲ ತಳ್ಳುತ್ತಾರೆ. ಪಾಸಾದರೂ ಇಂಟರ್ನ್‌ಶಿಪ್‌ಗೆ ಸರದಿ. ಕಾಲೇಜೊಂದು ತನ್ನ ಸೀಟುಗಳ ಶೇ 7.5ರಷ್ಟು ವಿದೇಶಿ ಪದವೀಧರರನ್ನು ತೆಗೆದುಕೊಳ್ಳಬಹುದು ಎಂದು ಆಯೋಗ 2022ರಲ್ಲಿ ಮಿತಿ ಹಾಕಿತು. 150 ಸೀಟಿನ ಕಾಲೇಜಿನಲ್ಲಿ ಅದು ಹನ್ನೊಂದು ಮಂದಿ.

ಗುಣಮಟ್ಟದ ವಿಷಯದಲ್ಲಿ ಪರೀಕ್ಷೆ ಸಡಿಲಿಸಿ ಎಂದು ಯಾರೂ ಕೇಳಬಾರದು, ನಾನೂ ಕೇಳುವುದಿಲ್ಲ. ಅರೆಬರೆ ಕಲಿತವರ ಕೈಗೆ ಕೊರವಂಗಲದ ರೋಗಿಯ ನಾಡಿ ಕೊಡುವುದು ಯಾವ ನ್ಯಾಯ? ಬೇಕಿರುವುದು ಬೇಗ ಹೊರಬರುವ ದಾರಿ. ನೀಟ್ ಬರೆಯಲು ಇದ್ದ ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ. ಅಂದರೆ ಮೊದಲ ವರ್ಷದಲ್ಲೇ ಬಿಟ್ಟು ಬಂದ ಹುಡುಗಿ ಮತ್ತೆ ನೀಟ್ ಬರೆಯಬಹುದು, ಬಿಎಸ್ಸಿ ನರ್ಸಿಂಗೋ ಬಿ ಫಾರ್ಮೋ ಸೇರಬಹುದು. ಇದನ್ನು ಅವಳ ಅಪ್ಪನಿಗೆ ಹೇಳುವವರು ಯಾರು? ಕನ್ಸಲ್ಟೆನ್ಸಿಯವರು ಹೇಳುವುದಿಲ್ಲ, ಅವರಿಗೆ ಹೇಳಿ ಆಗಬೇಕಾದ್ದೂ ಇಲ್ಲ.

ಹೇಳಬೇಕಾದದ್ದು ಪಿಯು ಇಲಾಖೆ, ಅದೂ ದ್ವಿತೀಯ ಪಿಯು ವಿಜ್ಞಾನದ ತರಗತಿಯಲ್ಲಿ, ಫಲಿತಾಂಶಕ್ಕೆ ಮೊದಲೇ. 54 ತಿಂಗಳ ನಿಯಮ, ದೇಶವಾರು ಎಫ್‌ಎಂಜಿಇ ಫಲಿತಾಂಶ, ಸಾಲದ ಷರತ್ತು ಮೂರನ್ನೂ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ತಂದೆ-ತಾಯಿಯ ಕೈಗೆ ಕೊಡಲು ದೊಡ್ಡ ಬಜೆಟ್ ಬೇಕಿಲ್ಲ. ಕನ್ಸಲ್ಟೆನ್ಸಿಗಳು ರಾಜ್ಯದಲ್ಲಿ ನೋಂದಾಯಿಸಿಕೊಳ್ಳಬೇಕು, ಮೊದಲ ವರ್ಷದಲ್ಲಿ ಬಿಟ್ಟು ಬಂದರೆ ಎಷ್ಟು ಹಣ ವಾಪಸ್ ಎಂದು ಕರಾರಿನಲ್ಲೇ ಬರೆದುಕೊಡಬೇಕು ಎಂದು ಕಾನೂನು ಮಾಡಬಹುದು. ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ವರ್ಷಕ್ಕೆ ಶುರುವಾಗುತ್ತದೆ. ಎಫ್‌ಎಂಜಿಇ, ಇಂಟರ್ನ್‌ಶಿಪ್ ಮುಗಿಯುವವರೆಗೆ ಅದನ್ನು ಮುಂದೂಡುವಂತೆ ಬ್ಯಾಂಕುಗಳ ರಾಜ್ಯಮಟ್ಟದ ಸಮಿತಿಯಲ್ಲಿ ಸರ್ಕಾರ ಪಟ್ಟು ಹಿಡಿಯಬೇಕು. ಜಿಲ್ಲಾ ಆಸ್ಪತ್ರೆಗಳಿಗೆ ಅಂಟಿಕೊಂಡ ಹಾಸನದಂಥ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಎಫ್‌ಎಂಜಿಇಗೆ ಓದುತ್ತಿರುವ ತಮ್ಮ ಜಿಲ್ಲೆಯ ಮಕ್ಕಳಿಗೆ ಗ್ರಂಥಾಲಯ, ಸಂಜೆಯ ಪಾಠಗಳನ್ನು ತೆರೆದಿಟ್ಟರೆ, ಪಿಜಿ ಬಾಡಿಗೆ ಕಟ್ಟುತ್ತಾ ಬೆಂಗಳೂರಿನಲ್ಲಿ ಕೂರುವ ಬದಲು ಮನೆಯಿಂದಲೇ ಬಸ್ಸು ಹತ್ತಿ ಹೋಗಿ ಓದಬಹುದು.